ಕೈಯುಳಿಯೂ ಯಂತ್ರದ ಸೂಜಿಯೂ: ಚಿಕ್ಕೋಡಿ–ಅಥಣಿ ಸೀಮೆಯ ತೊಗಲಿನ ಹೊಲಿಗೆಯ ಚರಿತ್ರೆ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಹೊಗೆಸೊಪ್ಪಿಗೂ ಕಬ್ಬಿಗೂ ಹೆಸರಾಗಿರುವಷ್ಟು ತೊಗಲಿನ ಕೆಲಸಕ್ಕೆ ಹೆಸರಾಗಿಲ್ಲ. ಕೆಲಸವು ಅಲ್ಪವಾಗಿದ್ದುದು ಇದಕ್ಕೆ ಕಾರಣವಲ್ಲ. ಅಥಣಿಯಲ್ಲಿಯೂ ಮದಭಾವಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಹೊಲಿದ ಪಾದರಕ್ಷೆಗಳು ಕೊಲ್ಲಾಪುರದ ಪೇಟೆಯಲ್ಲಿ ಬಿಕರಿಯಾಗಿ, ಆ ಪೇಟೆಯ ಹೆಸರನ್ನೇ ಹೊತ್ತು ಲೋಕದಲ್ಲಿ ಸಂಚರಿಸಿದವು. ಮಾಡಿದವನ ಊರು ಮರೆಯಾಗಿ ಮಾರಿದವನ ಊರು ಉಳಿಯುವುದು ವ್ಯಾಪಾರದ ಚರಿತ್ರೆಯಲ್ಲಿ ಹೊಸತೇನಲ್ಲವಾದರೂ, ಇಲ್ಲಿ ಮರೆಯಾದುದು ಊರಿನ ಹೆಸರು ಮಾತ್ರವಲ್ಲ. ಒಂದು ಹೊಲಿಗೆಯ ವಿದ್ಯೆಯೂ ಅದರೊಡನೆ ಮರೆಯಾಗಿದೆ.

ಈ ವಿದ್ಯೆಯ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಯಾವುದೆಂದರೆ, ಲೋಕವೆಲ್ಲ ಯಂತ್ರದಿಂದ ಪಾದರಕ್ಷೆಯನ್ನು ಹೊಲಿಯಲಾರಂಭಿಸಿ ನೂರೈವತ್ತು ವರ್ಷಗಳು ಕಳೆದರೂ ಈ ಸೀಮೆಯ ಕುಶಲಿಗಳು ಬಡತನದಿಂದಲೂ ಅಜ್ಞಾನದಿಂದಲೂ ಕೈಯುಳಿಯನ್ನೇ ಹಿಡಿದು ಕುಳಿತರು ಎಂಬುದು. ಬಡತನವು ಇದ್ದುದು ನಿಜ. ಆದರೆ ಅಜ್ಞಾನವೆಂಬ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಯಂತ್ರವು ತೊಗಲನ್ನು ಹೊಲಿಯುವ ಬಗೆಯನ್ನೂ, ಈ ಚಪ್ಪಲಿಯು ಕೂಡಿಕೊಳ್ಳುವ ಬಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರಣವು ಬೇರೆಯೇ ಎಂದು ತೋರುತ್ತದೆ.

ಮೊದಲು ಶಬ್ದಗಳನ್ನು ನೋಡುವುದು ಉಚಿತ. ಪಾದರಕ್ಷೆಗೆ ಕನ್ನಡದಲ್ಲಿ ಕೆರ, ಕೆರವು, ಕೆರ್ಪು ಎಂಬ ದೇಶ್ಯಶಬ್ದಗಳಿವೆ. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಎಂಬವು ಇವುಗಳ ದಾಯಾದಿಗಳು. ತಾಲವ್ಯಸ್ವರದ ಹಿಂದಿನ ಕಕಾರವು ಆ ಎರಡು ಭಾಷೆಗಳಲ್ಲಿ ಚಕಾರವಾಗಿ ಮಾರ್ಪಟ್ಟಿದ್ದರೆ ಕನ್ನಡವು ಮೂಲದ ಕಕಾರವನ್ನೇ ಉಳಿಸಿಕೊಂಡಿದೆ. ಆದುದರಿಂದ ವಸ್ತುವೂ ಅದನ್ನು ಮಾಡುವ ಕಸುಬೂ ದ್ರಾವಿಡ ಭಾಷೆಗಳು ಬೇರ್ಪಡುವುದಕ್ಕೆ ಮೊದಲಿನಷ್ಟು ಹಳೆಯವೆಂದು ಊಹಿಸಬಹುದು. ಪಾದರಕ್ಷೆಯ ತಳಕ್ಕೆ ಅಟ್ಟೆ ಎಂಬ ಮಾತುಂಟು; ಕಟ್ಟುವ ತೊಗಲಿನ ಪಟ್ಟಿಗೆ ಬಾರು; ಹೆಬ್ಬೆರಳು ತೂರುವ ಬಳೆಗೆ ಉಂಗುಟ. ತೊಗಲನ್ನು ಕೊಯ್ಯುವ ಕತ್ತಿಗೆ ರಂಪಿಗೆ ಎಂದು ಕನ್ನಡದಲ್ಲಿ ಹೆಸರಿದ್ದರೆ ಗಡಿಯಾಚೆಯ ಮರಾಠಿಯಲ್ಲಿ ರಾಪಿ ಎನ್ನುತ್ತಾರೆ. ಚುಚ್ಚುವ ಉಪಕರಣವನ್ನು ಮರಾಠಿಗರು ಆರಿ ಎನ್ನುವುದು ಸಂಸ್ಕೃತದ ಆರಾ ಎಂಬುದರ ತದ್ಭವ; ಅಮರಕೋಶವು ಈ ಶಬ್ದವನ್ನು ಚರ್ಮವನ್ನು ಭೇದಿಸುವ ಉಪಕರಣವೆಂಬ ಅರ್ಥದಲ್ಲಿಯೇ ಹೇಳುತ್ತದೆ. ಎರಡು ಭಾಷೆಗಳನ್ನೂ ಮನೆಯ ಭಾಷೆಯಂತೆ ಆಡುವ ಈ ಸೀಮೆಯಲ್ಲಿ ಉಪಕರಣಗಳ ಹೆಸರುಗಳು ಭಾಷೆಯ ಗಡಿಯನ್ನು ಮನ್ನಿಸದೆ ಓಡಾಡಿದುದು ಸಹಜ.

ಕನ್ನಡ ಸಾಹಿತ್ಯದಲ್ಲಿ ಈ ಉಪಕರಣಗಳಿಗೆ ದೊರೆತ ಸ್ಥಾನವು ಬೇರೆ ಸಾಹಿತ್ಯಗಳಲ್ಲಿ ಅಪೂರ್ವವೆಂದೇ ಹೇಳಬೇಕು. ಮಾದಾರ ಚೆನ್ನಯ್ಯನ ವಚನಗಳೆಂದು ಬಂದಿರುವವುಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಮೂರು ಉಪಕರಣಗಳ ಹೆಸರುಗಳು ಸೇರಿವೆ. ಕೈಯುಳಿಯು ಚುಚ್ಚುವುದಕ್ಕೆ, ಕತ್ತಿಯು ಕೊಯ್ಯುವುದಕ್ಕೆ, ಅಡಿಗುಂಟವು ತೊಗಲನ್ನಿಟ್ಟು ಬಡಿಯುವುದಕ್ಕೆ. ಈ ಮೂರನ್ನು ಹೇಳಿದರೆ ಕಸುಬಿನ ಮೂರು ಹಂತಗಳನ್ನೂ ಹೇಳಿದಂತೆಯೇ. ದೇವರ ಹೆಸರು ಬರಬೇಕಾದ ಕಡೆಯಲ್ಲಿ ಕಸುಬಿನ ಆಯುಧಗಳನ್ನಿಟ್ಟ ಕವಿಗೆ ಅವುಗಳ ಬಳಕೆಯು ಪುಸ್ತಕದಿಂದ ಬಂದುದಲ್ಲವೆಂಬುದು ಸ್ಪಷ್ಟ. ಡೋಹರ ಕಕ್ಕಯ್ಯನು ತೊಗಲನ್ನು ಹದಮಾಡುವ ಕುಲದವನು. ಅವನ ಸಮಾಧಿಯು ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿದೆಯೆಂದು ಸಂಪ್ರದಾಯವು ಹೇಳುತ್ತದೆ. ಹರಳಯ್ಯ–ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಹೊಲಿದು ತಂದ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಆ ಕಥೆಯ ಭಕ್ತಿಭಾಗವನ್ನು ಎಲ್ಲರೂ ಹೇಳುತ್ತಾರೆ. ಅದು ಹೊಲಿಗೆಯ ಕಥೆಯೂ ಹೌದೆಂಬುದನ್ನು ಹೇಳುವವರು ವಿರಳ.

ಇಷ್ಟು ಮನ್ನಣೆಯು ಗ್ರಂಥಗಳಲ್ಲಿ ದೊರೆತರೂ ಊರೊಳಗೆ ದೊರೆಯಲಿಲ್ಲ. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಗೆಜೆಟಿಯರಿನ 21ನೆಯ ಸಂಪುಟವು ಬೆಳಗಾವಿ ಜಿಲ್ಲೆಯನ್ನು ಕುರಿತದ್ದು. ಈ ಪ್ರಾಂತದಲ್ಲಿ ಹದಮಾಡುವವರು, ಹೊಲಿಯುವವರು ಎಂದು ಕುಲಗಳೇ ಬೇರೆಯಾಗಿದ್ದವು: ಢೋರರು ಹಸಿದೊಗಲನ್ನು ಹದಕ್ಕೆ ತರುವವರು, ಸಮಗಾರರೂ ಮೋಚಿಗಳೂ ಹದವಾದುದನ್ನು ಹೊಲಿಯುವವರು. ಕೇರಿಯು ಊರಿನಿಂದ ದೂರ. ಅವರ ಕೈಯಿಂದ ಬಂದ ಜೋಡು ಮಾತ್ರ ಊರಿನ ಯಜಮಾನನ ಕಾಲಲ್ಲಿ. ರಾಜಕೀಯವಾಗಿಯೂ ಈ ಸೀಮೆಯು ಒಂದಾಗಿರಲಿಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಇಲಾಖೆಗೆ ಸೇರಿದ್ದರೆ ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಒಂದು ಮಹಲು. ಆ ಸಂಸ್ಥಾನವು 1949ರ ಮಾರ್ಚಿಯಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಚಂದಗಡ ತಾಲೂಕನ್ನುಳಿದು ಮೈಸೂರು ರಾಜ್ಯಕ್ಕೆ ಬಂದಿತು. ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ತಾಲೂಕುಗಳಾದುದು ತೀರ ಈಚೆಗೆ. ಗಡಿಗಳು ಹೀಗೆ ಸರಿದಾಡುತ್ತಿದ್ದರೂ ಜೋಡುಗಳ ಗಂಟು ಮಾತ್ರ ಕೊಲ್ಲಾಪುರದ ಪೇಟೆಯ ದಾರಿಯನ್ನು ಬಿಡಲಿಲ್ಲ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಪ್ರೋತ್ಸಾಹವಿತ್ತರೆಂಬುದು ಪ್ರಸಿದ್ಧವಾಗಿದೆ.

ಇನ್ನು ವಸ್ತುವಿನ ವಿಚಾರ. ಅಟ್ಟೆಗೆ ಎಮ್ಮೆಯ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೊಗಲು ಎಂಬುದು ಸ್ಥೂಲವಾದ ನಿಯಮ. ಹದಕ್ಕೆ ಬಳಸುವವು ಜಾಲಿಯ ಚಕ್ಕೆ ಮತ್ತು ಅಳಲೆಕಾಯಿ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ತೂಗಹಾಕಿ, ಅದರೊಳಗೆ ಚಕ್ಕೆಯ ಕಷಾಯವನ್ನು ತುಂಬಿ, ಒಸರಿದ ರಸವನ್ನು ಮರಳಿ ಮರಳಿ ಹೊಯ್ಯುವುದು ಹಳೆಯ ಕ್ರಮ. ಹೀಗೆ ಹದವಾದ ತೊಗಲು ಗಡುಸು. ನೀರಿನಲ್ಲಿ ನೆನೆದಾಗ ಮಾತ್ರ ಮಣಿಯುತ್ತದೆ. ಆದುದರಿಂದ ಅಟ್ಟೆಯ ಪದರಗಳನ್ನು ನೆನೆಸಿ, ಬಡಿದು ಬಿಗಿಗೊಳಿಸಿ, ಅಚ್ಚಿನ ಪ್ರಕಾರ ಕೊಯ್ದು, ಎರಡು ಪದರಗಳ ನಡುವೆ ಇಕ್ಕೆಲದ ಕಿವಿಗಳನ್ನು ಸೇರಿಸಿ, ಕೈಯುಳಿಯಿಂದ ತೂತುಮಾಡಿ, ತೆಳ್ಳಗೆ ಕೊಯ್ದ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಮೊಳೆಯಿಲ್ಲ, ನೂಲಿಲ್ಲ. ಹೆಣಿಗೆ ಹೆಣೆಯುವುದು, ತೂತು ಕೊರೆದು ಚಿತ್ರ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಹದ, ಕೊಯ್ತ, ಅಟ್ಟೆಯ ಹೊಲಿಗೆ ಗಂಡಸರದು. ನಡೆಯುವಾಗ ಕರಕರನೆ ಸದ್ದು ಮಾಡುವ ಜೋಡು ಒಳ್ಳೆಯದೆಂದು ಹಿಂದಿನವರು ಎಣಿಸುತ್ತಿದ್ದರು. ಒಂದರ ಮೇಲೊಂದು ಕುಳಿತ ಗಡುಸು ಪದರಗಳ ಜೋಡಿನಲ್ಲಿಯೇ ಆ ಸದ್ದು ಹುಟ್ಟತಕ್ಕದ್ದು.

ತೊಗಲಿನ ಎಳೆಯಿಂದ ತೊಗಲನ್ನು ಹೊಲಿಯುವುದರಲ್ಲಿ ಒಂದು ಗುಣವುಂಟು. ನೆನೆದ ಎಳೆಯು ನೆನೆದ ತೂತಿನಲ್ಲಿ ತೂರಿ, ಎರಡೂ ಒಟ್ಟಿಗೆ ಒಣಗಿ, ಒಟ್ಟಿಗೆ ಕುಗ್ಗುತ್ತವೆ. ಹೀಗಾಗಿ ಹೊಲಿಗೆಯು ತೂತನ್ನು ತಾನೇ ತುಂಬಿಕೊಳ್ಳುತ್ತದೆ. ಎಳೆಯು ಚಪ್ಪಟೆಯಾದುದರಿಂದ ತೊಗಲನ್ನು ಕೊಯ್ಯುವುದೂ ಇಲ್ಲ. ಒಂದು ಕಡೆ ಸವೆದರೆ ಆ ಭಾಗವನ್ನು ಮಾತ್ರ ಬಿಚ್ಚಿ ಬೇರೆ ಎಳೆಯನ್ನು ಪೋಣಿಸಬಹುದು. ನೂಲಿನ ಹೊಲಿಗೆಗೆ ಈ ಅನುಕೂಲಗಳಲ್ಲಿ ಒಂದಾದರೂ ಪೂರ್ತಿಯಾಗಿ ಇಲ್ಲ.

ಈಗ ಯಂತ್ರದ ಕಡೆಗೆ. ಹೊಲಿಗೆಯ ಯಂತ್ರವೆಂದೊಡನೆ ಬಟ್ಟೆಯೇ ನೆನಪಿಗೆ ಬರುವುದಾದರೂ, ಅದರ ಚರಿತ್ರೆಯು ತೊಗಲಿನಿಂದ ಆರಂಭವಾಗುತ್ತದೆ. 1790ರಲ್ಲಿ ಥಾಮಸ್ ಸೇಂಟ್ ಎಂಬ ಇಂಗ್ಲೆಂಡಿನ ಬಡಗಿಯು ಪಡೆದ ಸನ್ನದು ಪಾದರಕ್ಷೆ ಮೊದಲಾದುವನ್ನು ಹೊಲಿಯುವ ಯಂತ್ರವನ್ನು ಕುರಿತದ್ದು. ಆ ಯಂತ್ರದಲ್ಲಿ ಸೂಜಿಗಿಂತ ಮೊದಲು ಒಂದು ಉಳಿಯು ಇಳಿದು ತೂತು ಮಾಡುತ್ತದೆ; ಆಮೇಲೆ ನೂಲು ಬರುತ್ತದೆ. ಎಂದರೆ, ಮೊತ್ತಮೊದಲ ಯಂತ್ರವು ಚಮ್ಮಾರನ ಕೈಯನ್ನು ನೋಡಿಯೇ ರಚಿತವಾದುದು. ಸನ್ನದಿನ ಕಾಗದವು ದಾಖಲೆಗಳ ನಡುವೆ ಹೂತುಹೋಗಿ ಸುಮಾರು ಎಂಬತ್ತು ವರ್ಷಗಳ ಮೇಲೆ ಬೆಳಕಿಗೆ ಬಂದಿತು. 1830ರಲ್ಲಿ ಫ್ರಾನ್ಸಿನ ತಿಮೋನಿಯೆ ಎಂಬ ದರ್ಜಿಯು ಸರಪಣಿ ಹೊಲಿಗೆಯ ಯಂತ್ರಕ್ಕೆ ಸನ್ನದು ಪಡೆದನು. ಸೈನ್ಯದ ಉಡುಪು ಹೊಲಿಯುತ್ತಿದ್ದ ಅವನ ಪ್ಯಾರಿಸ್ಸಿನ ಕಾರ್ಖಾನೆಯನ್ನು 1831ರಲ್ಲಿ ಜೀವನಕ್ಕೆ ಹೆದರಿದ ದರ್ಜಿಗಳೇ ಒಡೆದುಹಾಕಿದರು. ತುದಿಯಲ್ಲಿ ಕಣ್ಣುಳ್ಳ ಸೂಜಿ, ಕೆಳಗೆ ಓಡುವ ಲಾಳಿ, ಎರಡು ನೂಲುಗಳ ಗಂಟುಹೊಲಿಗೆ, ಈ ಮೂರನ್ನೂ ಕೂಡಿಸಿ ಎಲಿಯಾಸ್ ಹೋ ಎಂಬ ಅಮೆರಿಕದವನು 1846ರ ಸೆಪ್ಟೆಂಬರಿನಲ್ಲಿ ಸನ್ನದು ಪಡೆದನು. ಸಿಂಗರನದು 1851. ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರವು ಲೈಮನ್ ಬ್ಲೇಕ್ ಎಂಬವನಿಂದ 1858ರಲ್ಲಿ ಬಂದಿತು. ಅದನ್ನು ಮೆಕೇ ಎಂಬವನು ಕೊಂಡು ತಿದ್ದಿಸಿದ ಮೇಲೆ ಅಮೆರಿಕದ ಅಂತರ್ಯುದ್ಧದ ಸೈನಿಕರ ಬೂಟುಗಳು ಅದರಿಂದ ಹೊಲಿಯಲ್ಪಟ್ಟವು.

ಭಾರತದ ಪಟ್ಟಣಗಳ ಪಾದರಕ್ಷೆಯ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇವಲ್ಲ. ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯಲ್ಲಿ ಸಿಂಗರ್ ಕಂಪನಿಯು ತಯಾರಿಸಿದ 29ಕೆ ಎಂಬ ವರ್ಗದ ಯಂತ್ರ ಮತ್ತು ಅದರ ಅನುಕರಣಗಳು. ಆ ಕಾರ್ಖಾನೆಯು 1980ರಲ್ಲಿ ಮುಚ್ಚಿತಾದರೂ ಅದರ ಎರಕದ ಕಬ್ಬಿಣವು ಇನ್ನೂ ಸವೆದಿಲ್ಲ. ಈ ಯಂತ್ರದ ಕೆಳಗಿನ ತೋಳು ನೀಳವಾಗಿಯೂ ಸಣ್ಣದಾಗಿಯೂ ಇರುವುದರಿಂದ ಹೊಲಿದು ಮುಗಿದ ಬೂಟಿನೊಳಕ್ಕೂ ಅದನ್ನು ತೂರಿಸಬಹುದು. ಬಟ್ಟೆಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ನೂಕುತ್ತವೆ. ಇಲ್ಲಿ ಮೇಲಿನ ಪಾದವೇ ತೊಗಲನ್ನು ಕಚ್ಚಿ ಎಳೆಯುತ್ತದೆ. ಆ ಪಾದವು ಸುತ್ತಲೂ ತಿರುಗುವುದರಿಂದ ವಸ್ತುವನ್ನು ತಿರುಗಿಸದೆ ಹೊಲಿಗೆಯನ್ನು ಯಾವ ದಿಕ್ಕಿಗಾದರೂ ಒಯ್ಯಬಹುದು.

ಇದಕ್ಕೆ ನೂಲನ್ನು ಪೋಣಿಸುವುದು ಕಲಿಯುವವನಿಗೆ ಮೊದಲ ಕಷ್ಟ. ಬಟ್ಟೆಯ ಯಂತ್ರದಲ್ಲಿ ನೂಲಿನ ದಾರಿಯೆಲ್ಲ ಕಣ್ಣಿಗೆ ಕಾಣುತ್ತದೆ. ಇಲ್ಲಿ ಅದು ಟೊಳ್ಳಾದ ಕಂಬಿಯೊಳಗೆ ಇಳಿಯಬೇಕು. ತುದಿಯಲ್ಲಿ ಕೊಕ್ಕೆಯುಳ್ಳ ಉದ್ದ ತಂತಿಯನ್ನು ಆ ಟೊಳ್ಳಿನಲ್ಲಿಳಿಸಿ, ಅದಕ್ಕೆ ನೂಲನ್ನು ಸಿಕ್ಕಿಸಿ ಎಳೆದುಕೊಳ್ಳಬೇಕು. ತಂತಿಯು ಕಳೆದುಹೋದರೆ ಕೆಲಸ ನಿಂತಂತೆಯೇ. ಕೆಳಗಿನ ಲಾಳಿಯೂ ಅದರೊಳಗಿನ ಬಾಬಿನ್ನೂ ಸಣ್ಣ ತೋಳಿನೊಳಗೆ ಹಿಡಿಯಬೇಕಾದುದರಿಂದ ಕಿರಿದಾಗಿವೆ. ದಪ್ಪ ನೂಲು ಬಹುಬೇಗ ತೀರಿಹೋಗುತ್ತದೆ. ಲಾಳಿಯೆಂಬ ಮಾತು ಮಗ್ಗದಿಂದ ಬಂದುದೆಂಬುದನ್ನು ಹೇಳಬೇಕಾಗಿಲ್ಲ. ನೇಕಾರರ ಊರುಗಳ ನಡುವಿನ ಈ ಸೀಮೆಯಲ್ಲಿ ಯಂತ್ರದ ಹೃದಯಭಾಗಕ್ಕೆ ಕನ್ನಡದ ಹೆಸರು ಸಿದ್ಧವಾಗಿಯೇ ಇದ್ದಿತು.

ಯಂತ್ರದ ರಹಸ್ಯವೆಲ್ಲ ಒಂದು ಕ್ಷಣದಲ್ಲಡಗಿದೆ. ಸೂಜಿಯ ಒಂದು ಬದಿಯಲ್ಲಿ ಉದ್ದವಾದ ಕಾಲುವೆಯುಂಟು. ಇಳಿಯುವಾಗ ನೂಲು ಅದರಲ್ಲಿ ಅಡಗಿ ತೊಗಲಿನ ಉಜ್ಜಾಟದಿಂದ ಪಾರಾಗುತ್ತದೆ. ಲಾಳಿಯ ಕಡೆಗಿರುವ ಬದಿಯಲ್ಲಿ ಆ ಆಶ್ರಯವಿಲ್ಲ. ಸೂಜಿಯು ಪೂರ್ತಿಯಾಗಿ ಇಳಿದು ಕೂದಲೆಳೆಯಷ್ಟು ಮೇಲೇಳುವಾಗ, ಆ ಬದಿಯ ನೂಲು ತೊಗಲಿಗೆ ಸಿಕ್ಕಿ ಹಿಂದುಳಿದು ಒಂದು ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಲಾಳಿಯ ಮೂತಿಯು ಆ ಕುಣಿಕೆಯೊಳಗೆ ನುಗ್ಗಿ ಹಾಯ್ದರೆ ಗಂಟು ಬಿದ್ದಿತು. ತಪ್ಪಿದರೆ ಹೊಲಿಗೆ ಬಿಟ್ಟಿತು. ಸೂಜಿಯನ್ನು ಸ್ವಲ್ಪ ತಿರುಚಿ ಸಿಕ್ಕಿಸಿದರೂ, ಪೂರ್ತಿ ಮೇಲಕ್ಕೆ ನೂಕದೆ ಬಿಟ್ಟರೂ, ಅದು ತುಸು ಬಾಗಿದ್ದರೂ ಕುಣಿಕೆಯು ಮೂತಿಗೆ ದೊರೆಯುವುದಿಲ್ಲ. ಹೊಲಿಗೆ ಬಿಡುವ ಯಂತ್ರವನ್ನು ಬಿಚ್ಚಿಹಾಕುವ ಮುಂಚೆ ಸೂಜಿಯನ್ನು ಬದಲಿಸಿ ನೋಡು ಎಂಬ ಉಪದೇಶವು ಇದರಿಂದ ಹುಟ್ಟಿದುದು.

ಎರಡನೆಯ ದೋಷವು ಕಲಿಯುವವನನ್ನು ಇನ್ನೂ ಹೆಚ್ಚಾಗಿ ಮೋಸಗೊಳಿಸುತ್ತದೆ. ತೊಗಲಿನ ಕೆಳಮೈಯಲ್ಲಿ ನೂಲು ಹಕ್ಕಿಯ ಗೂಡಿನಂತೆ ಸುತ್ತಿಕೊಂಡರೆ ಹೊಸಬನು ಕೆಳಗಿನ ಲಾಳಿಯನ್ನೇ ದೂರುತ್ತಾನೆ. ಆದರೆ ತಪ್ಪು ಹೆಚ್ಚಾಗಿ ಮೇಲಿನದು: ಮೇಲಿನ ನೂಲು ಬಿಗಿತದ ಎರಡು ಬಿಲ್ಲೆಗಳ ನಡುವೆ ಸರಿಯಾಗಿ ಕುಳಿತಿರುವುದಿಲ್ಲ. ಬಟ್ಟೆಯ ಯಂತ್ರಗಳಲ್ಲಿಯೂ ಅವುಗಳಂತೆಯೇ ರಚಿತವಾದ ತೊಗಲಿನ ಯಂತ್ರಗಳಲ್ಲಿಯೂ ಒತ್ತುವ ಪಾದವನ್ನು ಎತ್ತಿದಾಗ ಮಾತ್ರ ಬಿಲ್ಲೆಗಳು ಸಡಿಲುವುವು. ಪಾದವನ್ನು ಇಳಿಸಿಟ್ಟು ಪೋಣಿಸಿದ ನೂಲು ಬಿಲ್ಲೆಗಳ ಹೊರಗೇ ಉಳಿಯುತ್ತದೆ. ಕಾಣುವುದು ಕೆಳಗೆ, ಕಾರಣವು ಮೇಲೆ. ಇದಕ್ಕೆ ಪ್ರತಿಯಾಗಿ ಮೇಲ್ಮೈಯಲ್ಲಿ ಕೆಳನೂಲಿನ ಗಂಟುಗಳು ತೋರಿದರೆ ಮೇಲಿನ ಬಿಗಿತವು ಅತಿಯಾಯಿತೆಂದೋ ಕೆಳಗಿನದು ಸಡಿಲವಾಯಿತೆಂದೋ ತಿಳಿಯಬೇಕು. ಗಂಟು ತೊಗಲಿನ ದಪ್ಪದ ನಡುವೆ ಅಡಗಿರುವುದೇ ಸರಿಯಾದ ಹೊಲಿಗೆಯ ಲಕ್ಷಣ. ಬಟ್ಟೆಯಲ್ಲಿ ಈ ಗಂಟನ್ನು ಬಚ್ಚಿಡಲು ಎಡೆಯಿಲ್ಲದ್ದರಿಂದ ಬಿಗಿತದ ಅಳತೆ ಬಹು ಸೂಕ್ಷ್ಮ. ತೊಗಲು ದಪ್ಪವಾದುದರಿಂದ ಈ ವಿಷಯದಲ್ಲಿ ಮಾತ್ರ ಹೊಸಬನಿಗೆ ಸ್ವಲ್ಪ ದಯೆ ತೋರುತ್ತದೆ.

ನೂಲು ಹರಿಯುವುದಕ್ಕೆ ಕಾರಣಗಳು ಅನೇಕ. ನೂಲು ದಪ್ಪವಾಗಿ ಸೂಜಿಯ ಕಣ್ಣು ಕಿರಿದಾಗಿದ್ದರೆ ಎಳೆಗಳು ಬಿಡಿಸಿಕೊಳ್ಳುತ್ತವೆ. ಸೂಜಿಗಳಿಗೆ ಸಂಖ್ಯೆಯುಂಟು: 110 ಎಂದರೆ ಸೂಜಿಯ ದಪ್ಪ 1.10 ಮಿಲಿಮೀಟರು, 140 ಎಂದರೆ 1.40, ಇವನ್ನೇ ಸಿಂಗರನ ಹಳೆಯ ಲೆಕ್ಕದಲ್ಲಿ 18 ಮತ್ತು 22 ಎನ್ನುತ್ತಾರೆ. ನೂಲಿನ ಹುರಿಯ ದಿಕ್ಕು ಇನ್ನೊಂದು ಕಾರಣ. ಯಂತ್ರದ ಚಲನೆಯು ಒಂದು ಬಗೆಯ ಹುರಿಯನ್ನು ಬಿಗಿಗೊಳಿಸಿ, ಇನ್ನೊಂದು ಬಗೆಯದನ್ನು ಹೊಲಿಗೆಹೊಲಿಗೆಗೂ ಬಿಚ್ಚುತ್ತ ಹೋಗುತ್ತದೆ. ಕೈಯಲ್ಲಿ ಹೊಲಿಯುವವನಿಗೆ ಎಂದೂ ಅಗತ್ಯವಾಗದ ಈ ಭೇದವು ಯಂತ್ರದ ಮುಂದೆ ಕುಳಿತವನಿಗೆ ಮೊದಲ ಪಾಠವಾಗುತ್ತದೆ. ನೈಲಾನು ಮುಂತಾದ ಹೊಸ ನೂಲುಗಳಿಗಾದರೋ ಸೂಜಿಯ ಬಿಸಿಯೇ ಶತ್ರು. ದಪ್ಪ ತೊಗಲಿನಲ್ಲಿ ವೇಗವಾಗಿ ಓಡಿದ ಸೂಜಿಯು ಕಾದು, ನೂಲನ್ನು ಕರಗಿಸಿ ಹರಿಯುತ್ತದೆ. ಹತ್ತಿ, ಅಗಸೆಯ ನೂಲುಗಳು ಕರಗುವುವಲ್ಲ.

ಸೂಜಿಯ ಮೊನೆಯ ವಿಚಾರದಲ್ಲಿ ಕೈಗೂ ಯಂತ್ರಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ. ಬಟ್ಟೆಯ ಸೂಜಿಯು ಎಳೆಗಳ ನಡುವೆ ಎಡೆಮಾಡಿಕೊಂಡು ಹೋಗುತ್ತದೆ. ತೊಗಲಿನಲ್ಲಿ ಎಡೆಯಿಲ್ಲ, ಕೊಯ್ದೇ ಹೋಗಬೇಕು. ಆದುದರಿಂದ ತೊಗಲಿನ ಸೂಜಿಗೆ ಅಲಗಿನ ಮೊನೆ. ಆ ಅಲಗು ಹೊಲಿಗೆಯ ಸಾಲಿನ ಉದ್ದಕ್ಕೆ ಮಲಗಿದ್ದು ತೂತುಗಳು ಒತ್ತೊತ್ತಾದರೆ, ಒಂದು ಕೊಯ್ತವು ಇನ್ನೊಂದನ್ನು ಕೂಡಿ ತೊಗಲು ಅಂಚೆಚೀಟಿಯ ಹಾಳೆಯಂತೆ ಸಾಲಿನಗುಂಟ ಹರಿದುಬರುತ್ತದೆ. ಬಟ್ಟೆಯಲ್ಲಿ ತಪ್ಪು ಹೊಲಿಗೆಯನ್ನು ಬಿಚ್ಚಿದರೆ ಗುರುತು ಮಾಯುತ್ತದೆ. ತೊಗಲಿನಲ್ಲಿ ಬಿದ್ದ ತೂತು ಶಾಶ್ವತ. ಕೈಯುಳಿಯನ್ನು ಹಿಡಿದವನು ಪ್ರತಿಯೊಂದು ತೂತಿನಲ್ಲಿಯೂ ಅಲಗನ್ನು ಓರೆಯಾಗಿ ತಿರುಗಿಸಿ ಇಳಿಸುವುದು ಈ ಕಾರಣದಿಂದಲೇ. ಯಂತ್ರದ ಸೂಜಿಯನ್ನು ಮಾಡುವವರು ಓರೆಯಲಗಿನ ಮೊನೆಗಳನ್ನು ರೂಪಿಸಿದಾಗ, ಮಣಿಕಟ್ಟಿಗೆ ಹಿಂದಿನಿಂದಲೂ ಗೊತ್ತಿದ್ದುದನ್ನು ಉಕ್ಕಿಗೆ ಕಲಿಸಿದಂತಾಯಿತು.

ಹೀಗಿರಲು, ಕೊಲ್ಲಾಪುರಿಯೆಂಬ ಹೆಸರಿನ ಈ ಅಥಣಿಯ ಜೋಡಿನ ಅಟ್ಟೆಗೆ ಯಂತ್ರವು ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಉತ್ತರವು ವಸ್ತುವಿನಲ್ಲಿಯೇ ದೊರೆಯುತ್ತದೆ. ಯಂತ್ರಕ್ಕೆ ಬೇಕಾದುದು ಉದ್ದಕ್ಕೂ ಒಂದೇ ದಪ್ಪದ, ನುಣುಪಾದ, ಮುಗಿಯದ ನೂಲು. ತೊಗಲಿನ ಎಳೆಯು ಚಪ್ಪಟೆ, ಮೊಳದಷ್ಟಕ್ಕೆ ಮುಗಿಯುವಂತಹುದು, ಅದರ ದಪ್ಪವೂ ಒಂದೇ ಸಮನಲ್ಲ. ಯಾವ ಸೂಜಿಯ ಕಣ್ಣಿನಲ್ಲಿಯೂ ಅದು ಓಡದು. ಎಳೆಯನ್ನು ಬಿಟ್ಟು ನೂಲಿನಿಂದ ಹೊಲಿದರೆ ನೂಲಿನ ಕೆಳಸಾಲು ನೆಲಕ್ಕೆ ತಾಗಿ ಸವೆಯುತ್ತದೆ. ಗಂಟುಹೊಲಿಗೆಯಲ್ಲಿ ಒಂದು ನೂಲು ಸವೆದರೆ ಅಕ್ಕಪಕ್ಕದ ಗಂಟುಗಳೂ ಕ್ರಮೇಣ ಸಡಿಲುತ್ತವೆ. ಪಾಶ್ಚಾತ್ಯ ಬೂಟುಗಳಲ್ಲಿ ಅಟ್ಟೆಗೆ ಕಾಲುವೆ ಕೊಯ್ದು ನೂಲನ್ನು ಅದರಲ್ಲಿ ಹೂಳುವುದು ಇದರ ಪರಿಹಾರ. ಅಂತಹ ಕಾಲುವೆಗೆ ಇನ್ನೊಂದು ಯಂತ್ರ ಬೇಕು. ಇಷ್ಟೇ ಅಲ್ಲ. ಜಾಲಿಯ ಚಕ್ಕೆಯಿಂದ ಹದವಾದ ತೊಗಲು ನೆನೆದಿರುವಾಗ ಕಬ್ಬಿಣವನ್ನು ಮುಟ್ಟಿದರೆ ಕಪ್ಪುಗಟ್ಟುತ್ತದೆ. ಒಗರಿನ ರಸಕ್ಕೂ ಕಬ್ಬಿಣಕ್ಕೂ ಕೂಡಿ ಕಪ್ಪು ಹುಟ್ಟುವುದು ಅಳಲೆಕಾಯಿಯಿಂದ ಶಾಯಿ ಮಾಡಿಕೊಳ್ಳುತ್ತಿದ್ದ ಲಿಪಿಕಾರರ ವಂಶಕ್ಕೆ ಹೊಸ ವಿಷಯವಲ್ಲ. ಅಟ್ಟೆಯನ್ನು ಹೊಲಿಯುವುದು ನೆನೆದಿರುವಾಗಲೇ. ಯಂತ್ರದ ಪಾದವೋ ಕಬ್ಬಿಣದ್ದು. ಒಣಗಿಸಿ ಹೊಲಿಯೋಣವೆಂದರೆ ಆ ಗಡುಸು ಪದರಗಳಲ್ಲಿ ಸೂಜಿಯು ಮುರಿಯುತ್ತದೆ.

ಅಂತು ಯಂತ್ರವನ್ನು ಒಲ್ಲದವನು ಮನುಷ್ಯನಲ್ಲ, ತೊಗಲು. ಯಂತ್ರವು ಎಲ್ಲಿ ಹೊಂದುತ್ತದೆಯೋ ಅಲ್ಲಿ, ಎಂದರೆ ತೆಳುವಾದ ಮೇಲ್ಪಟ್ಟಿಗಳು, ಒಳಪದರ, ಚೀಲ, ಬೂಟಿನ ದುರಸ್ತಿ ಇವುಗಳಲ್ಲಿ, ಅದರ ಬಳಕೆಯು ಎಲ್ಲ ಕಡೆಗಳಂತೆ ಇಲ್ಲಿಯೂ ಸಲ್ಲತಕ್ಕದ್ದೇ. ಆದರೆ ಯಂತ್ರವು ಅಗ್ಗವಾಗಿ ಹೊಲಿಯಬಲ್ಲ ರೆಕ್ಸಿನ್, ರಬ್ಬರುಗಳಿಂದ ಕೊಲ್ಲಾಪುರಿಯ ಆಕಾರವನ್ನು ಮಾತ್ರ ಅನುಕರಿಸಿ ಅದೇ ಹೆಸರಿನಿಂದ ಮಾರುವ ಪದ್ಧತಿಯು ಪೇಟೆಯಲ್ಲಿ ಬೆಳೆದುದು ಬೇರೆ ವಿಷಯ. ಈ ಸೀಮೆಗೆ ಯಂತ್ರದಿಂದ ನಿಜವಾಗಿ ಒದಗಿದ ಪೆಟ್ಟು ಅದೇ. ಕೈಹೊಲಿಗೆಯ ಜೋಡಿಗೂ ಅನುಕರಣಕ್ಕೂ ಕೊಳ್ಳುವವನ ಕಣ್ಣಿಗೆ ಭೇದವು ತೋರದಿದ್ದಾಗ ಬೆಲೆಯು ಅನುಕರಣದ ಮಟ್ಟಕ್ಕೆ ಇಳಿಯಿತು. ಕಚ್ಚಾ ತೊಗಲಿನ ಬೆಲೆಯಾದರೋ ಇಳಿಯಲಿಲ್ಲ.

ಈ ಇಕ್ಕಟ್ಟಿನಿಂದ ಹೊರಬರುವ ಯತ್ನಗಳು ನಡೆದಿವೆ. ಕರ್ನಾಟಕ ಸರ್ಕಾರವು 1976ರಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಲಿಡ್ಕರ್ ಎಂದು ಪ್ರಸಿದ್ಧವಾಗಿರುವ ಇದು ಈಗ ಬಾಬು ಜಗಜೀವನರಾಮರ ಹೆಸರನ್ನು ಧರಿಸಿದೆ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಥಣಿಯ ಕುಶಲಿಗಳು, ವಿಶೇಷವಾಗಿ ಹೆಂಗಸರು, ಸ್ವಸಹಾಯ ಸಂಘಗಳಾಗಿ ಕೂಡಿ ಟೋಹೋಲ್ಡ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ದಲಾಲಿಯನ್ನು ದಾಟಿ ನೇರವಾಗಿ ಪರದೇಶಗಳಿಗೆ ಮಾರುವುದು ಅದರ ಉದ್ದೇಶ. ಗಂಡನ ಕೆಲಸಕ್ಕೆ ಸಹಾಯವೆಂದು ಮಾತ್ರ ಎಣಿಸಲ್ಪಟ್ಟು ಲೆಕ್ಕಕ್ಕೆ ಬಾರದಿದ್ದ ಹೆಣಿಗೆಗೆ ಇದರಿಂದ ಕೂಲಿಯೆಂಬ ಹೆಸರು ಬಂದಿತು. ಸಂಘಟನೆಯ ಪರಿಣಾಮಗಳಲ್ಲಿ ಇದನ್ನೇ ಮುಖ್ಯವೆಂದು ಎಣಿಸಬೇಕು.

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಲಿಕ ಗುರುತಿನ ರಕ್ಷಣೆ ದೊರೆಯಿತು. ಇದರಲ್ಲಿ ಗಮನಿಸತಕ್ಕ ಸಂಗತಿಯು ಪ್ರದೇಶದ ವಿಸ್ತಾರ: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಎಂಬ 4 ಜಿಲ್ಲೆಗಳು; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ 4 ಜಿಲ್ಲೆಗಳು. ಗಡಿಯ ವಿಷಯದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಒಡಂಬಡದ ಎರಡು ರಾಜ್ಯಗಳು ಒಂದು ಜೋಡಿನ ವಿಷಯದಲ್ಲಿ ಸಮಭಾಗಿಗಳಾದವು. ಹೆಸರು ಕೊಲ್ಲಾಪುರದ್ದೇ ಆಗಿ ಉಳಿಯಿತು. ಆದರೆ ಆ ಹೆಸರಿನಿಂದ ಮಾರುವ ಹಕ್ಕು ಅಥಣಿಗೂ ನಿಪ್ಪಾಣಿಗೂ ಕಾಗದದ ಮೇಲೆ ಸಂದಿತು.

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಎಂಬ ಸಂಸ್ಥೆಯು ಮಿಲಾನಿನ ಉಡುಪಿನ ಪ್ರದರ್ಶನದಲ್ಲಿ ಇಂತಹುದೇ ಜೋಡುಗಳನ್ನು ಮೂಲವನ್ನು ಹೇಳದೆ ತೋರಿಸಿತು. ಆಕ್ಷೇಪಣೆಗಳೆದ್ದ ಮೇಲೆ ಅವು ಭಾರತದ ಕುಶಲಿಗಳ ಕೃತಿಯಿಂದ ಪ್ರೇರಿತವಾದವೆಂದು ಒಪ್ಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮ ನಿಗಮದೊಡನೆಯೂ ಕರ್ನಾಟಕದ ಲಿಡ್ಕರಿನೊಡನೆಯೂ ಒಪ್ಪಂದವಾಗಿ, 2,000 ಜೊತೆಗಳನ್ನು ಈ ಎರಡು ರಾಜ್ಯಗಳಲ್ಲಿಯೇ ಮಾಡಿಸುವ ಯೋಜನೆಯು ಪ್ರಕಟವಾಯಿತು. ಆಕ್ಷೇಪಣೆಯ ಗದ್ದಲದಲ್ಲಿ ಪತ್ರಿಕೆಗಳು ಬಹುಮಟ್ಟಿಗೆ ಕೊಲ್ಲಾಪುರವೊಂದನ್ನೇ ಹೇಳಿದವು; ಮದಭಾವಿಯ ಹೆಸರನ್ನು ಬರೆದವರು ಕೆಲವರೇ.

ಇನ್ನು ಮುಂದಿನ ತಲೆಮೊರೆಯ ಕಲಿಕೆ. ಯಂತ್ರದ ಮೇಲೆ ಸಾಮಾನ್ಯ ಹೊಲಿಗೆಯನ್ನು ಚುರುಕಾದ ಹುಡುಗನು ಕೆಲವು ವಾರಗಳಲ್ಲಿ ಕಲಿಯಬಹುದು; ದೋಷವನ್ನು ಕಂಡುಹಿಡಿಯುವ ಜಾಣ್ಮೆಗೆ ಮಾತ್ರ ಕಾಲ ಬೇಕು. ಅಟ್ಟೆಯ ಕೈಹೊಲಿಗೆಗೆ ಇದಕ್ಕೆ ಎಷ್ಟೋ ಮಡಿ ಹೆಚ್ಚು ಕಾಲ ಬೇಕು, ಏಕೆಂದರೆ ಅಲ್ಲಿ ಬಿಗಿತದ ಬಿಲ್ಲೆಗಳಿಲ್ಲ. ಎಳೆಯನ್ನೆಳೆಯುವ ಬೆರಳೇ ಬಿಲ್ಲೆ. ತೊಗಲು ಎಷ್ಟು ನೆನೆದಿದೆ, ಇನ್ನೆಷ್ಟು ಕುಗ್ಗೀತು, ಎಳೆಯು ಎಲ್ಲಿ ತೆಳುವಾಗಿದೆ ಎಂಬುದನ್ನು ಆ ಬೆರಳು ಪ್ರತಿ ತೂತಿನಲ್ಲಿಯೂ ಹೊಸದಾಗಿ ಅಳೆಯಬೇಕು. ಯಂತ್ರವನ್ನು ಕಲಿತ ಹುಡುಗನಿಗೆ ಕೊಲ್ಲಾಪುರ, ಪುಣೆ, ಬೆಂಗಳೂರುಗಳ ಚೀಲ–ಬೂಟುಗಳ ಕಾರ್ಖಾನೆಗಳಲ್ಲಿ ತಿಂಗಳ ಸಂಬಳವುಂಟು, ಕುಲದ ಹೆಸರನ್ನು ಕೇಳದ ಬಾಡಿಗೆಯ ಕೋಣೆಯುಂಟು. ಕೈಹೊಲಿಗೆಯನ್ನು ಕಲಿತವನಿಗೆ ಇರುವುದು ಜೊತೆಯ ಲೆಕ್ಕದ ಕೂಲಿ, ಮಳೆಗಾಲದಲ್ಲಿ ಅದೂ ಇಲ್ಲ. ತೊಗಲು ಒಣಗದ ಆ ನಾಲ್ಕು ತಿಂಗಳು ಕಸುಬು ಬಹುಮಟ್ಟಿಗೆ ನಿಂತೇ ಇರುತ್ತದೆ.